ನಮ್ಮ ಮನೆಯಲ್ಲಿ ಡಾಕ್ಟರಿಲ್ಲ

ಆರೋಗ್ಯ ಸಹಾಯವಾಣಿಯ ಮುಖ್ಯಸ್ಥರೇ,

ಜಯನಗರದ ನಮ್ಮ ಮನೆಯಲ್ಲಿ ಹಾವು ಕಡಿತಕ್ಕೆ ಚಿಕಿತ್ಸೆ ಸಿಗುತ್ತದೆಂದು ನಿಮ್ಮ ಕಂಪ್ಯೂಟರು ಕೇಳಿದವರಿಗೆಲ್ಲ ಹೇಳುತ್ತಿದೆ. ಸಿಗುವುದಿಲ್ಲ. ಚಿಕಿತ್ಸೆ ಕೊಡುತ್ತಿದ್ದ ನಮ್ಮ ಮಾವ ಡಾಕ್ಟರ್ ಏಕಾಂತಯ್ಯನವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಕ್ಲಿನಿಕ್ಕಿದ್ದ ಕೋಣೆಯಲ್ಲಿ ನಾನೀಗ ಸೀರೆಗಳಿಗೆ ಫಾಲ್ ಹೊಲಿಯುತ್ತೇನೆ.

ನಿಮ್ಮ ಯಂತ್ರಕ್ಕೆ ಯಾರೂ ಪಾಠ ಹೇಳುವುದಿಲ್ಲವಂತೆ; ವೆಬ್ ಓದಿ ಓದಿ ತಾನೇ ಜ್ಞಾನ ಸಂಪಾದಿಸುತ್ತದಂತೆ. ಬಹಳ ಸಂತೋಷ. ಹಳೆಯ ಜಯನಗರವನ್ನು ನೆನೆದು ಯಾರ್ಯಾರೋ ಬರೆದುಕೊಂಡ ಪುಟಗಳಲ್ಲಿ ಮಾವನವರ ಹೆಸರಿದೆ. ಬನಶಂಕರಿಯ ಆಚೆ ಹೊಲಗಳಿದ್ದ ಕಾಲದಲ್ಲಿ ಹಾವು ಕಡಿದವರನ್ನು ಅವರ ಬಳಿಗೆ ಕರೆತರುತ್ತಿದ್ದರು. ಇಷ್ಟೆಲ್ಲ ಓದಿದ ಮಹಾಪಂಡಿತನಿಗೆ, ಮನುಷ್ಯರು ಸಾಯುತ್ತಾರೆಂಬುದೊಂದು ಮಾತ್ರ ಯಾವ ಪುಟದಲ್ಲೂ ಸಿಗಲಿಲ್ಲವೇ?

ಮೊದಲ ಸಲ ಒಬ್ಬರು ಬಂದು ಬಾಗಿಲು ಬಡಿದಾಗಲೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ನಾವು ಕೈಯಾರೆ ತಿದ್ದೋ ಹಾಗಿಲ್ಲ ಮೇಡಂ. ನೀವೇ ವೆಬ್‌ನಲ್ಲಿ ಬರೆದು ಹಾಕಿ, ಅದು ಓದ್ಕೊಂಡು ಸರಿ ಮಾಡ್ಕೊಳ್ಳುತ್ತೆ" ಎಂದರು ನಿಮ್ಮ ಸಿಬ್ಬಂದಿ. ನಂಬಿದೆ. ಡಾಕ್ಟರ್ ಏಕಾಂತಯ್ಯನವರ ಮನೆಯಲ್ಲಿ ಹಾವು ಕಡಿತಕ್ಕೆ ಚಿಕಿತ್ಸೆ ಇಲ್ಲ ಎಂದು ಹದಿನೇಳು ಕಡೆ ಬರೆದೆ. ಯಂತ್ರ ಹದಿನೇಳನ್ನೂ ಓದಿತು, 'ಇಲ್ಲ' ಎಂಬುದೊಂದನ್ನು ಬಿಟ್ಟು. ಡಾಕ್ಟರು, ಮನೆ, ಹಾವು, ಚಿಕಿತ್ಸೆ ಎಲ್ಲವೂ ಇನ್ನೂ ಹದಿನೇಳು ಕಡೆ ಒಟ್ಟಿಗೆ ಸಿಕ್ಕವಲ್ಲ! ಅಲ್ಲಿಯವರೆಗೆ 'ಸಿಗಬಹುದು' ಎನ್ನುತ್ತಿದ್ದದ್ದು ಅಂದಿನಿಂದ 'ಖಂಡಿತ ಸಿಗುತ್ತದೆ' ಎನ್ನತೊಡಗಿತು.

ಕಳೆದ ಮಂಗಳವಾರ ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ಅಂಜನಾಪುರದಲ್ಲಿ ಕಟ್ಟಡದ ಕೆಲಸ ಮಾಡುವ ಲಕ್ಕವ್ವ ಎಂಬಾಕೆ ಐದು ವರ್ಷದ ಮಗಳನ್ನು ಎತ್ತಿಕೊಂಡು ಇಳಿದಳು. ಮಗುವಿನ ಕಾಲು ಮೊಣಕಾಲಿನವರೆಗೆ ಊದಿತ್ತು.

"ಡಾಕ್ಟರ್ ಸಾಹೇಬ್ರು ಎಲ್ಲಿ ಅದಾರ್ರೀ ಅಕ್ಕಾರ? ಲಗೂನ ಕರೀರಿ!"

"ಇಲ್ಲಿ ಡಾಕ್ಟರ್ ಇಲ್ಲಮ್ಮ, ಆಸ್ಪತ್ರೆಗೆ ಹೋಗಿ."

"ಹಂಗನಬ್ಯಾಡ್ರೀ ಯವ್ವಾ. ಖಂಡಿತ ಅದಾರ ಅಂತ ಫೋನಿನ್ಯಾಗ ಹೇಳೇತ್ರೀ. ದಾರ್ಯಾಗ ಎರಡು ದವಾಖಾನಿ ಬಿಟ್ಟು ಬಂದೀನ್ರೀ."

ಅದೇ ಆಟೋದಲ್ಲಿ ನಾನೂ ಹತ್ತಿದೆ. ಆಸ್ಪತ್ರೆಯ ಬಾಗಿಲಲ್ಲೇ ಅಲ್ಲಿನ ಡಾಕ್ಟರು, "ಇಷ್ಟು ಹೊತ್ತು ಎಲ್ಲಿದ್ರಿ?" ಎಂದು ಗದರಿದರು. ಲಕ್ಕವ್ವ ನನ್ನ ಮುಖ ನೋಡಿದಳು. ಮಗು ಇಂದಿಗೂ ಐಸಿಯುನಲ್ಲಿದೆ, ಕಣ್ಣು ತೆರೆದಿಲ್ಲ. ನಿಮ್ಮ ಮಾತು ಕೇಳಿ ಅಷ್ಟು ಕಡೆ ಬರೆದವಳು ನಾನು. ಆ ಪಾಪ ನನಗೂ ಅಂಟಿದೆ. ಅದಕ್ಕೇ ಈ ಬಹಿರಂಗ ಪತ್ರ ಕಾಗದದ ಮೇಲಷ್ಟೇ ಇರಲಿ, ನಿಮ್ಮ ಯಂತ್ರ ಓದುವಂತೆ ವೆಬ್‌ಗೆ ಹಾಕಬೇಡಿ ಎಂದು ಇದನ್ನು ಅಚ್ಚು ಹಾಕುವ ಪತ್ರಿಕೆಯವರನ್ನು ಬೇಡಿಕೊಂಡಿದ್ದೇನೆ.

ನಮ್ಮ ಮನೆಯ ವಿಳಾಸವನ್ನು ಇಂದೇ ತೆಗೆಸಿ. ನಿಯಮವಿಲ್ಲ, ಅಧಿಕಾರವಿಲ್ಲ ಎನ್ನುವುದಾದರೆ ನೀವೇ ಬಂದು ನಮ್ಮ ಗೇಟಿನಲ್ಲಿ ಕುಳಿತುಕೊಳ್ಳಿ. ಇನ್ನೊಬ್ಬ ತಾಯಿ ಮಗುವನ್ನು ಎತ್ತಿಕೊಂಡು ಓಡಿ ಬಂದಾಗ, ಡಾಕ್ಟರಿಲ್ಲವೆಂದು ಅವಳ ಮುಖ ನೋಡಿ ನೀವು ಹೇಳಿ. ನನ್ನ ಕೈಲಾಗದು.

ಇಂತಿ,
ಬಾಗಿಲು ತೆರೆಯಲು ಹೆದರುವ
ಸೀತಾಲಕ್ಷ್ಮಿ