ಎರಡು ಮುಡಿಪು

ಅವ್ವ,

ಮೊನ್ನೆ ಕೆಟ್ಟ ಕನಸು ಬಿತ್ತು. ಬೆಟ್ಟದ ಅರ್ಧದಲ್ಲಿ ನನ್ನ ಮಂಡಿಯ ರಾಡು ಕಳಚಿ ಬಿದ್ದಿತ್ತು, ನೀನು ಮೇಲೆ ನಿಂತು ಕರೆಯುತ್ತಿದ್ದೆ. ಎದ್ದವನೇ ಮಂಡಿ ಮುಟ್ಟಿ ನೋಡಿಕೊಂಡೆ. ಆದರೂ ನಿನ್ನೆ ಮುಳ್ಳಯ್ಯನಗಿರಿ ಹತ್ತಿ ಬಂದೆ. ಜೊತೆಗೆ ಯೋಗೇಶನಿದ್ದ.

ಹೌದು, ಅವನೇ. ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಹಾಕಿ ಬರುವಾಗ, ನನ್ನನ್ನು ಹಿಂದೆ ಕೂರಿಸಿಕೊಂಡು ಬೈಕ್ ಬೀಳಿಸಿದವನು. ಆಸ್ಪತ್ರೆಯಲ್ಲಿ ನೀನು 'ನಮ್ಮ ಒಸ್ಲು ತುಳೀಬ್ಯಾಡ' ಅಂದಿದ್ದೆಯಲ್ಲ, ಅವನು. ನಿನ್ನ ತಿಥಿಯಾದ ಮೇಲೆ ಟ್ರಂಕ್ ತೆಗೆದರೆ ಅರಿಶಿನ ಬಟ್ಟೆಯ ಮುಡಿಪು ಎರಡಿದ್ದವು. ಒಂದು ನನ್ನದು, ಇನ್ನೊಂದು ಯಾರದು ಅಂತ ರೇವಮ್ಮತ್ತೆಯನ್ನು ಕೇಳಿದೆ.

'ಆ ಕೈ ಮುರ್ಕಂಡೋನ್ದು ಕಣ್ಲಾ. ಇಬ್ರೂ ನಡ್ಕಂಡೇ ಅತ್ಲಿ ಅಂತ ಮುಳ್ಳಯ್ಯಂಗೆ ಕಟ್ಟಿದ್ಲು ನಿಮ್ಮವ್ವ' ಅಂದಳು.

ಕೋಲೂರಿಕೊಂಡು ಹತ್ತಿದರೂ ಹತ್ತು ಹೆಜ್ಜೆಗೊಮ್ಮೆ ಕೂತೆ. ಯೋಗೇಶನ ಎಡಗೈ ಇನ್ನೂ ಪೂರಾ ಮೇಲೇಳುವುದಿಲ್ಲ, ಬಲಗೈ ಕೊಟ್ಟು ಎಳೆದ.

'ನಿನ್ ಕೈ, ನನ್ ಕೈ ಸೇರುದ್ರೆ ಮೂರಾಯ್ತವೆ, ಸಾಕು ನಡಿಲಾ' ಅಂದ. ಮೇಲೆ ತನ್ನ ಮುಡಿಪನ್ನು ಅವನೇ ಬಲಗೈಯಲ್ಲಿ ಒಪ್ಪಿಸಿದ. ಇಳಿಯುವಾಗ ನನಗೆ ಕೋಲು ಬೇಕಾಗಲಿಲ್ಲ.

ನೀನಿದ್ದಾಗ ಪ್ರತಿ ಸೋಮವಾರ 'ಅರಕೆ ಯಾವಾಗ್ಲಾ ತೀರ್ಸೋದು' ಅನ್ನುತ್ತಿದ್ದೆ. ಯಾವ ದೇವರಿಗೆ ಅಂತಲೂ ಕೇಳದೆ ನಾನು ಮಂಡಿ ತೋರಿಸುತ್ತಿದ್ದೆ.

ಈಗ ಅದೇ ಚಿಂತೆ. ಪ್ರಸಾದ ಕೊಡಲು ಹೋದರೆ ಅತ್ತೆ, 'ಮುಳ್ಳಯ್ಯನೋ, ಪಕ್ಕದ ಬೆಟ್ಟದ ಸೀತಾಳಯ್ಯನೋ, ಗ್ಯಾಪ್ನ ಬರಾಕಿಲ್ಲ' ಅಂದುಬಿಟ್ಟಳು. ಸೀತಾಳಯ್ಯನಿಗಾಗಿದ್ದರೆ ಅದನ್ನೂ ಹತ್ತುತ್ತೇವೆ, ಇಬ್ಬರೂ. ಈಗ ಕಾಲು ಬರುತ್ತದೆ. ಯಾವುದಕ್ಕೂ ನೀನು ಇನ್ನೊಂದು ಸಲ ನೆನಪು ಮಾಡಿಕೊಂಡು ನೋಡವ್ವ.