ಆ ಕೋಣೆಯ ಕೀ ಹುಡುಕಬೇಡಿ ಅತ್ತೆ

ಅತ್ತೆ,

ಹೆತ್ತೂರಿಗೆ ಸಂಘದ ಮೀಟಿಂಗಿಗೆ ಹೋಗುತ್ತಿದ್ದೇನೆ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಅಕ್ಕಿ ರೊಟ್ಟಿ ಡಬ್ಬಿಯಲ್ಲಿದೆ.

ಇವತ್ತು ಮಂಡ್ಯದ ಟೂರಿನವರ ವ್ಯಾನ್ ಬರುತ್ತದೆ. ಮಂಜರಾಬಾದ್ ಕೋಟೆ ನೋಡಿಕೊಂಡು, ಸೀರಿಯಲ್ ಶೂಟಿಂಗ್ ಆದ ಮನೆ ಅಂತ ನಮ್ಮಲ್ಲಿಗೆ ಬಂದು, ಆಮೇಲೆ ಬಿಸಿಲೆ ಘಾಟಿಗೆ ಹೋಗುತ್ತಾರಂತೆ. ಜಗಲಿಯಲ್ಲಿ ಕೂತು ಫೋಟೋ ತೆಗೆದುಕೊಳ್ಳಲಿ. ನೀವು ಮಾತ್ರ ಸೀರಿಯಲ್ ಅತ್ತೆಯ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲಬೇಡಿ.

ಸೀರಿಯಲ್‌ನಲ್ಲಿ ಆ ಅತ್ತೆ ಸೊಸೆಯನ್ನು ಕೂಡಿಹಾಕಿದ ಕೋಣೆಗೆ ಬೀಗ ಹಾಕಿದ್ದೇನೆ. ಕೀ ನನ್ನ ಹತ್ತಿರ ಇದೆ. ಹೋದ ಸಲ ಬಂದ ಟೀಚರಮ್ಮ ಫೋಟೋಗೆ ಅಂತ ಕೇಳಿದ್ದಕ್ಕೆ ಅವರನ್ನು ಒಳಗೆ ಬಿಟ್ಟು ಚಿಲಕ ಹಾಕಿದಿರಿ, ತೆಗೆಯುವುದನ್ನು ಮರೆತು ಕಾಫಿ ಕಾಸಲು ಹೋದಿರಿ. ಒಬ್ಬರು ಕಮ್ಮಿ ಅಂತ ಜೊತೆಯವರಿಗೆ ಗೊತ್ತಾಗಿದ್ದು ವ್ಯಾನ್ ಬಿಸಿಲೆ ಮುಟ್ಟಿದ ಮೇಲೆ. ಕೇಳಿದರೆ, "ಬಾಗ್ಲು ಬಡೀತಿದ್ಲು ಕಣವ್ವ, ಆಕ್ಟಿಂಗ್ ಮಾಡ್ತಾವ್ಳೆ ಅಂದ್ಕಂಡೆ" ಅಂದಿರಿ.

ವ್ಯಾನ್ ವಾಪಸ್ ಬಂದು, ಹೊರಡುವಾಗ ಆ ಟೀಚರಮ್ಮ ನನ್ನ ಕೈ ಹಿಡಿದುಕೊಂಡು, "ನಿಮ್ಮತ್ತೆ ನಿಜವಾಗ್ಲೂ ಹಿಂಗೇನಾ?" ಅಂತ ಮೆಲ್ಲಗೆ ಕೇಳಿದರು. ನೀವು ಬಾಗಿಲ ಸಂದಿಯಲ್ಲಿ ನಿಂತು ಮುಸಿಮುಸಿ ನಗುತ್ತಿದ್ದಿರಿ. ಹೌದು ಅಂದುಬಿಟ್ಟೆ. ನಿಮ್ಮ ಖುಷಿ ಯಾಕೆ ಕೆಡಿಸಲಿ.

ಮಂಡಿನೋವಿನ ಎಣ್ಣೆ ಮುಗಿದಿದೆ, ಬರುವಾಗ ತರುತ್ತೇನೆ. ಸಂಜೆ ನಾನೇ ತಿಕ್ಕುತ್ತೇನೆ, ಆದರೆ ವ್ಯಾನ್ ಹೋದ ಮೇಲೆ. ಅವರು ನೋಡಿಬಿಟ್ಟರೆ ನಿಮ್ಮ ಹೆಸರು ಹಾಳಾಗುತ್ತದೆ.

ತನುಜಾ