ತೊಟ್ಟಿಯ ತಳದ ಮಡಿಕೆ

ಪ್ರಣಿತಾ,

ಕಿತ್ತೂರಿನಿಂದ ರಾಮದುರ್ಗಕ್ಕೆ ಪತ್ರ ಮುಟ್ಟುವುದು ಕಷ್ಟವೇನಲ್ಲ. ಆದರೂ ಇದನ್ನು ಕಳಿಸುವುದಿಲ್ಲ. ನಿನ್ನ ಮೀನುಗಳ ಸುದ್ದಿಯೆಂದು ಬರೆಯುತ್ತಿದ್ದೇನೆ, ಅಷ್ಟೆ.

ನೀನು ಮನೆ ಬಿಟ್ಟ ಮೇಲೆ ಆ ಗಾಜಿನ ತೊಟ್ಟಿಯನ್ನು ನಮ್ಮ ಚಹಾದಂಗಡಿಯ ಗಲ್ಲಾದ ಪಕ್ಕ ಇಟ್ಟೆ. ಮೀಸೆಯ ಆ ಸಣ್ಣ ಲೋಚ್ ಮೀನುಗಳು ಹಗಲೆಲ್ಲ ತಳದ ಒಡಕು ಮಡಿಕೆಯೊಳಗೇ ಇರುತ್ತಿದ್ದವು. "ಏನ್ರಿ, ಬರೇ ನೀರ ಸಾಕೀರೇನು?" ಎಂದು ಗಿರಾಕಿಗಳು ನಕ್ಕರು. ನನಗೆ ಸಿಟ್ಟು ಬಂತು. ಮಡಿಕೆ ತೆಗೆದೆ, ನೀನು ಮನೋಳಿ ಹೊಳೆಯಿಂದ ಆರಿಸಿ ತಂದ ಕಲ್ಲು ತೆಗೆದೆ, ಮೇಲೊಂದು ಟ್ಯೂಬ್‌ಲೈಟು ಹಾಕಿದೆ. ಮೀನುಗಳು ಬಣ್ಣಗೆಟ್ಟು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡವು. ನಾನು ಗಾಜು ಬಡಿದೆ.

ನಿನ್ನೆ ನಿಮ್ಮವ್ವ ದೀಪ ಆರಿಸಿ, ಮಡಿಕೆ, ಕಲ್ಲು ಎಲ್ಲ ಮರಳಿ ಇಟ್ಟಳು. "ಅವನ್ನ ಅವುಗಳ ಪಾಡಿಗೆ ಬಿಡ್ರಿ. ಎಷ್ಟಂತ ನೋಡ್ತೀರಿ?" ಎಂದಳು.

ಇಂದು ಮಧ್ಯಾಹ್ನ ಚಹಾ ಸೋಸುತ್ತಿದ್ದಾಗ ತೊಟ್ಟಿಯಲ್ಲಿ ಏನೋ ಅಲುಗಿತು. ಎಲ್ಲ ಹೊರಗೆ ಬಂದಿದ್ದವು. ಮೀಸೆಯಿಂದ ಮರಳು ಕೆದಕುತ್ತ, ಒಂದನ್ನೊಂದು ಅಟ್ಟುತ್ತ, ಮಡಿಕೆಯೊಳಗೆ ಹೊಕ್ಕು ಮತ್ತೆ ಹೊರಬರುತ್ತಿದ್ದವು. "ಅಡಗಾಕ ಜಾಗಾ ಇದ್ರ ಅವು ತಾವಾಗೇ ಹೊರಗ ಬರತಾವ, ಅಪ್ಪಾ" ಎಂದು ನೀನು ಹೇಳಿದ್ದೆ. ಅವುಗಳನ್ನು ನೆಟ್ಟ ಕಣ್ಣಿನಿಂದ ನೋಡಲು ನನಗೆ ಧೈರ್ಯವಾಗಲಿಲ್ಲ.

ಸಂಜೆ ಬಡಿಗ ಸದಾಶಿವನನ್ನು ಕರೆಸಿ, ನೀನು ಬಾಗಿಲು ಹಾಕಿಕೊಳ್ಳಬಾರದೆಂದು ನಿನ್ನ ಕೋಣೆಯಿಂದ ಅಂದು ನಾನು ಕಿತ್ತಿದ್ದ ಒಳಚಿಲಕವನ್ನು ಮತ್ತೆ ಹಾಕಿಸಿದೆ.

"ಒಳಗ ಯಾರೂ ಇಲ್ಲಲ್ರಿ, ಇದು ಯಾರಿಗೆ?" ಎಂದು ಕೇಳಿದ.

ನಾನು ಅವನಿಗೆ ಚಹಾ ತರಲು ಹೋದೆ.